ಗುಳೇದಗುಡ್ಡಕ್ಕೆ ಔಷಧ ತಂದ ಪೆಟ್ಟಿಗೆ

ನಾನು ಒಂದು ಐಸ್ ಪೆಟ್ಟಿಗೆ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದೆ. ಅಂದಿನಿಂದ ತಂಪು ಕಾಯುವುದೇ ನನ್ನ ಕೆಲಸ. ಯಾರಾದರೂ ನನ್ನನ್ನು ಕುಲ್ಫಿ ಡಬ್ಬಿ ಎಂದರೆ ಮೈಯೆಲ್ಲ ಉರಿಯುತ್ತದೆ, ಮೊದಲೇ ಹೇಳಿಬಿಡುತ್ತೇನೆ!

ನನ್ನ ಮೊದಲ ಒಡೆಯರು ಔಷಧ ಕಂಪನಿಯೊಂದರಲ್ಲಿ ಮಾರಾಟದ ಕೆಲಸಕ್ಕಿದ್ದ ದೇಸಾಯರು. ಗಾಯವಾದರೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ಅಪರೂಪದ ಕಾಯಿಲೆಗೆ ಅವರ ಕಂಪನಿ ಇಂಜೆಕ್ಷನ್ ಮಾರುತ್ತಿತ್ತು. ಒಮ್ಮೆ ದೊಡ್ಡ ಹೋಟೆಲಿನ ಸಭೆಯಲ್ಲಿ ನಾನು ಮೇಜಿನ ಕೆಳಗಿದ್ದೆ. ಹತ್ತು ವರ್ಷದಲ್ಲಿ ಈ ಔಷಧದ ಮಾರುಕಟ್ಟೆ ಎರಡು ಪಟ್ಟು ಬೆಳೆಯುತ್ತದೆ ಎಂದು ಸಾಹೇಬರೊಬ್ಬರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ರೋಗಿಗಳು ಕಡಿಮೆ ಇರುವ ಊರಿಗೆ ಪೂರೈಕೆ ನಿಲ್ಲಿಸಿ ಎಂದಾಗಲೂ ತಟ್ಟಿದರು.

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಕಸ್ತೂರೆವ್ವನ ಮಗ ಸಂಗಮೇಶ ಆ ಊರಿಗೆ ಒಬ್ಬನೇ ರೋಗಿ. ಸುದ್ದಿ ತಿಳಿಸಲು ಹೋದ ದೇಸಾಯರು ತಲೆ ತಗ್ಗಿಸಿ ನಿಂತರು.

"ಒಬ್ಬನ ಸಲುವಾಗಿ ಕಳಸೂದಿಲ್ಲಂತವ್ವಾ. ಐದಾರು ಮಂದಿ ಆದ್ರ ಮಾರ್ಕೆಟ್ ಅಂತಾರ."

"ಹೌದಾ? ಹಂಗಾರ ಮಂದೀನ ಹುಡುಕಿ ತರತೀನ್ರಿ. ಈ ಪೆಟಗಿ ಇಲ್ಲೇ ಬಿಟ್ಟ ಹೋಗ್ರಿ," ಎಂದಳು ಕಸ್ತೂರೆವ್ವ. ಉಳಿದಿದ್ದ ಒಂದೆರಡು ಸೀಸೆಗಳ ಸಮೇತ ನಾನು ಆಕೆಯ ಪಾಲಾದೆ.

ಕಾಯಿಲೆ ತಾಯಿಯ ಕಡೆಯಿಂದ ಬರುತ್ತದೆಂದು ಡಾಕ್ಟರು ಹೇಳಿದ್ದರು. ಆಕೆಯ ತವರಿನಲ್ಲೋ, ಗಂಡುಮಕ್ಕಳ ಕಿವಿ ಚುಚ್ಚಿಸುವುದಿಲ್ಲ. ಚುಚ್ಚಿಸಿದರೆ ಮನೆದೇವರು ಪ್ರಾಣ ಒಯ್ಯುತ್ತಾನೆ ಎಂಬ ಕಟ್ಟಳೆ. ದೇವರಂತೆ ದೇವರು! ಯಾವ ಕಾಲದಲ್ಲೋ ಕಿವಿ ಚುಚ್ಚಿಸಿದ ಕೂಸು ರಕ್ತ ನಿಲ್ಲದೆ ಸತ್ತಿರಬೇಕು, ಅಪವಾದ ದೇವರ ತಲೆಗೆ ಕಟ್ಟಿದ್ದರು. ಈ ಕಟ್ಟಳೆಯಿರುವ ಬಳಗದಲ್ಲೇ ರೋಗಿಗಳನ್ನು ಹುಡುಕಬೇಕೆಂದು ಕಸ್ತೂರೆವ್ವನಿಗೆ ಹೊಳೆಯಿತು.

ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಆಕೆ ಮೊದಲು ಅಕ್ಕ ಗೌರವ್ವನ ಮನೆಗೆ ಹೋದಳು. ಗೌರವ್ವನ ಮಗ ಮೊಣಕಾಲು ಬಾತು ಒಳಕೋಣೆಯಲ್ಲಿ ನರಳುತ್ತಿದ್ದ.

"ಬಾಯಿ ಮುಚ್ಚ, ತಂಗಿ. ಮಗಳ ಲಗ್ನ ಆಗಬೇಕು. ಮನ್ಯಾಗ ರೋಗ ಐತಿ ಅಂದ್ರ ಯಾರ ತಗೋತಾರ?" ಎಂದಳು ಅಕ್ಕ.

"ಮುಚ್ಚಿಟ್ಟರ ಹುಡುಗ ಉಳೀತಾನೇನ ಅಕ್ಕಾ?"

ಅಂದು ಗೌರವ್ವ ಬಾಗಿಲು ಹಾಕಿಕೊಂಡಳು. ವಾರದೊಳಗೆ ಮಗನನ್ನು ಹೊತ್ತುಕೊಂಡು ತಾನೇ ಬಂದಳು. ಡಾಕ್ಟರು ಪರೀಕ್ಷಿಸಿ ಅದೇ ಕಾಯಿಲೆ ಎಂದರು. ನನ್ನೊಳಗೆ ಉಳಿದಿದ್ದ ಕೊನೆಯ ಸೀಸೆಯನ್ನು ಕಸ್ತೂರೆವ್ವ ಅಕ್ಕನ ಮಗನಿಗೆ ಕೊಡಿಸಿದಳು. ನಾಳೆ ಸಂಗಮೇಶ ಎಡವಿ ಬಿದ್ದರೆ ಗತಿಯೇನು?

ಆಮೇಲೆ ಅಕ್ಕತಂಗಿಯರಿಬ್ಬರೂ ಬಳಗದ ಮನೆಮನೆ ತಿರುಗಿದರು. ಕೆಲವರು ಬೈದು ಕಳಿಸಿದರು, ಕೆಲವರು ಅತ್ತು ಮಕ್ಕಳನ್ನು ಮುಂದೆ ತಂದರು. ಕಂಪನಿಯವರಿಗೆ ಬೇಕಾದಷ್ಟು ಮಂದಿಯಾದರು. ಔಷಧ ಮತ್ತೆ ಬಂತು, ಸಂಗಮೇಶ ಉಳಿದುಕೊಂಡ.

ಈಗ ನನ್ನ ಮುಚ್ಚಳ ಸೀಳಿದೆ. ಔಷಧಕ್ಕೆ ಹೊಸ ಪೆಟ್ಟಿಗೆ ಬಂದಿದೆ. ನಾನು ನೂಲು ಸುತ್ತಿದ ಕಂಡಿಕೆಗಳನ್ನು ತುಂಬಿಕೊಂಡು ಮಗ್ಗದ ಪಕ್ಕ ಕೂತಿದ್ದೇನೆ. ನನ್ನನ್ನು ಹೊತ್ತು ತಿರುಗಿದವರ ಮನೆಯಲ್ಲೇ ಮುಪ್ಪು ಬಂತಲ್ಲ, ಅದೇ ಪುಣ್ಯ.

ಮೊನ್ನೆ ಗೌರವ್ವನ ಮಗಳನ್ನು ನೋಡಲು ಗಂಡಿನವರು ಈ ಮನೆಗೇ ಬಂದಿದ್ದರು. ಅವಲಕ್ಕಿ ಇಡುವ ಮೊದಲೇ ಗೌರವ್ವ ಹೇಳಿಬಿಟ್ಟಳು: "ನಮ್ಮ ರಕ್ತದಾಗ ಈ ರೋಗ ಐತ್ರಿ. ನಾಳೆ ಈಕಿ ಹೊಟ್ಯಾಗ ಹುಟ್ಟೂ ಗಂಡುಕೂಸಿಗೂ ಬರಬಹುದು. ಮುಚ್ಚಿಟ್ಟ ಹೆಣ್ಣ ಕೊಡಂಗಿಲ್ಲ."

ಗಂಡಿನ ತಾಯಿ ಬಹಳ ಹೊತ್ತು ಹುಡುಗಿಯನ್ನೇ ನೋಡಿದಳು.

"ಆ ಔಷಧ ತಂಪಿನಾಗ ಇಡಬೇಕಲ್ರೀ?" ಎಂದಳು. "ನಮ್ಮ ಮನ್ಯಾಗ ಫ್ರಿಜ್ ಐತಿ."