ಇನ್ನೊಂದು ಎಲ್ಲಿ?

“ಅಲ್ಲಾ, ಇನ್ನೊಂದು ಎಲ್ಲಿ ಹೋಯ್ತು?”

ಹಿಮದ ಗುಡ್ಡ ಹತ್ತಿಸುವ ಲಿಫ್ಟಿನ ಕುರ್ಚಿ ನೆಲ ಬಿಟ್ಟು ಹತ್ತು ಅಡಿ ಏರಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳಿಯೇ ಬಿಟ್ಟಳು. ವರ್ನಾ ಹಾಲ್ವರ್ಸನ್ ತನ್ನ ಬಲಗಾಲಿನಿಂದ ನೇತಾಡುತ್ತಿದ್ದ ಹಲಗೆಯನ್ನು ಒಮ್ಮೆ ನೋಡಿಕೊಂಡಳು. ಉದ್ದಕ್ಕೆ ಆಳೆತ್ತರ, ಅಗಲಕ್ಕೆ ಒಂದು ಗೇಣೂ ಇಲ್ಲ. ಎಲ್ಲರ ಸ್ನೋಬೋರ್ಡುಗಳು ಇದರ ಪಕ್ಕ ಊಟದ ಮೇಜಿನ ಹಾಗೆ ಕಾಣುತ್ತವೆ. ಅವರೆಲ್ಲ ಮೆತ್ತನೆಯ ಬೂಟು ತೊಟ್ಟು ಅಡ್ಡಡ್ಡ ನಿಂತು ಜಾರಿದರೆ, ಇದರ ಮೇಲೆ ಸ್ಕೀ ಬೂಟಿನಂಥ ಗಡಸು ಬೂಟು ಹಾಕಿಕೊಂಡು, ಮುಖ ಮುಂದೆ ಮಾಡಿ, ಒಂದು ಕಾಲಿನ ಹಿಂದೆ ಇನ್ನೊಂದು ಕಾಲಿಟ್ಟು ನಿಲ್ಲಬೇಕು. ಎಲ್ಕ್‌ಟೂತ್ ಗುಡ್ಡದಲ್ಲಿ ಇಂಥದ್ದು ಇದೊಂದೇ. ಕಂಡವರು ಜೋಡಿ ಕಳೆದುಕೊಂಡ ಒಂಟಿ ಸ್ಕೀ ಎಂದೇ ತಿಳಿಯುತ್ತಾರೆ.

“ಇರೋದೇ ಒಂದು,” ಎಂದಳು ವರ್ನಾ.

“ಅಯ್ಯೋ, ಹೌದಾ! ನಾನು ಒಂದು ಕಳಕೊಂಡುಬಿಟ್ರೇನೋ ಅಂದ್ಕೊಂಡೆ. ಪಾಪ ಅನ್ನಿಸ್ತು ನೋಡಿ.”

“ಹೋದ ವರ್ಷ ಡಬ್ಬಿ ಶನಿವಾರ ಬಂದಿದ್ರಾ ನೀವು?”

“ಇಲ್ಲಪ್ಪ, ಇದೇ ಮೊದಲು. ಬಡವರ ಊಟಕ್ಕೆ ಆರು ಡಬ್ಬಿ ಕೊಟ್ರೆ ಟಿಕೆಟ್ ಅರ್ಧಕ್ಕೇ ಸಿಗತ್ತೆ ಅಂತ ನಮ್ಮಕ್ಕ ಹೇಳಿದ್ಲು. ಮನೇಲಿ ಯಾರೂ ಮೂಸದ ಬಟಾಣಿ ಡಬ್ಬಿ ಎಲ್ಲಾ ತಂದು ಸುರಿದೆ.”

ಅಲ್ಲಿಗೆ ವರ್ನಾಳಿಗೆ ಆ ಹೆಂಗಸಿನ ಮೇಲಿದ್ದ ಆಸಕ್ತಿ ಮುಗಿಯಿತು. ಡಿಸೆಂಬರಿನಿಂದ ಹೀಗೇ ನಡೆದಿತ್ತು. ಐವತ್ತೆಂಟರ ವಯಸ್ಸಿನಲ್ಲಿ, ಹುಟ್ಟಾ ಸ್ಕೀ ಮಾಡಿಕೊಂಡಿದ್ದವಳು, ಸತ್ತ ಗಂಡ ಗಾರ್ತ್‌ನ ಹಲಗೆ ಹತ್ತಿ ನೂರು ಸಲ ಬಿದ್ದು, ಮೊಣಕಾಲು ಊದಿಸಿಕೊಂಡು, ಅದನ್ನು ಕಲಿತದ್ದು ಶೋಕಿಗಲ್ಲ. ಅವಳಿಗೆ ಅಪರಿಚಿತರ ಮಾತು ಬೇಕಿತ್ತು. ಸ್ಕೀ ಹಾಕಿಕೊಂಡು ಕೂತವಳನ್ನು ಯಾರೂ ತಿರುಗಿ ನೋಡುವುದಿಲ್ಲ. ಈ ಹಲಗೆ ಕಂಡರೆ ಮೂಗನಿಗೂ ಬಾಯಿ ಬರುತ್ತದೆ. ಹೋದ ವರ್ಷ ಡಬ್ಬಿ ಶನಿವಾರದ ಬೆಳಿಗ್ಗೆ ಗಾರ್ತ್ ಕೊನೆಯ ಸಲ ಲಿಫ್ಟು ಹತ್ತಿದಾಗ ಪಕ್ಕದಲ್ಲಿ ಯಾರೋ ಒಬ್ಬರು ಕೂತಿದ್ದರು. ಅವರು ಇದನ್ನು ಕಂಡರೆ ಗುರುತು ಹಿಡಿದೇ ಹಿಡಿಯುತ್ತಾರೆ. ಗಾರ್ತ್ ಸಿಟ್ಟಿನಲ್ಲೇ ಹೋದನೋ, ಏನು ಮಾತಾಡಿದ, ಅಷ್ಟು ಗೊತ್ತಾದರೆ ಸಾಕಿತ್ತು ಅವಳಿಗೆ.

ಗಾರ್ತ್‌ನಿಗೆ ‘ಇನ್ನೊಂದು ಎಲ್ಲಿ’ ಎಂಬ ಪ್ರಶ್ನೆ ಕೇಳಿದರೆ ಪಾಯಸ ಕುಡಿದಷ್ಟು ಖುಷಿ. ಎಲ್ಲರಿಗೂ ಒಂದೇ ಉತ್ತರ. “ಇನ್ನೊಂದು ನನ್ನ ಹೆಂಡತಿ ಹತ್ರ ಇದೆ,” ಎಂದು ವರ್ನಾಳ ಕಡೆ ಗದ್ದ ಚಾಚುತ್ತಿದ್ದ. ಮೊದಲ ವರ್ಷ ಅವಳೂ ನಕ್ಕಿದ್ದಳು. ಐದನೆಯ ವರ್ಷ ಮುಗುಳ್ನಕ್ಕಳು. ಹೋದ ವರ್ಷ ಡಬ್ಬಿ ಶನಿವಾರದ ಹಿಂದಿನ ರಾತ್ರಿ ಊಟಕ್ಕೆ ಬಂದ ನೆಂಟರೆದುರು ಅವನು ಮತ್ತೆ ಅದನ್ನೇ ಊದಿದಾಗ ಅವಳಿಗೆ ರೇಗಿ ಹೋಗಿತ್ತು. ಬೆಳಿಗ್ಗೆ ಎದ್ದವಳೇ, “ನಾನೇನು ನಿನ್ನ ಇನ್ನೊಂದು ಹಲಗೆನಾ? ಮೂವತ್ತೊಂದು ವರ್ಷದಿಂದ ಅದೇ ಹಳಸಲು ಜೋಕು. ನೀನೊಬ್ಬನೇ ಹೋಗು,” ಎಂದಳು. ಗಾರ್ತ್ ಡಬ್ಬಿಗಳ ಪೆಟ್ಟಿಗೆ ಎತ್ತಿಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಅವಳು ಫ್ರಿಜ್ಜಿನೊಳಗೆ ತಲೆ ತೂರಿಸಿ, ಮೊನ್ನೆಯಷ್ಟೇ ಒರೆಸಿದ್ದ ಶೆಲ್ಫನ್ನು ಮತ್ತೆ ಒರೆಸುತ್ತಿದ್ದಳು.

ಮಿಲ್ಕ್ ರನ್ ಇಳಿಜಾರನ್ನು ಒಂದೇ ಒಂದು ಸಲ ಇಳಿದು, ಕೆಳಗೆ ಬೇಲಿಯ ಪಕ್ಕ ಹಿಮದ ಮೇಲೆ ಕೂತ ಗಾರ್ತ್ ಮತ್ತೆ ಏಳಲಿಲ್ಲ. ಎದೆಬಡಿತ ನಿಂತಿತ್ತು. ನಲವತ್ತು ನಿಮಿಷ ಯಾರೂ ಅವನನ್ನು ಮಾತಾಡಿಸಲಿಲ್ಲ.

ಅವರದ್ದೇನೂ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು. ಸ್ನೋಬೋರ್ಡಿನವರು ಕೂರುವ ಜನವೇ. ಬೂಟನ್ನು ಹಲಗೆಗೆ ಕಟ್ಟುವ ಪಟ್ಟಿ ಬಿಗಿಯಲು ಕೂರುತ್ತಾರೆ, ಬಿಚ್ಚಲು ಕೂರುತ್ತಾರೆ, ಹರಟೆಗೆ ಕೂರುತ್ತಾರೆ. ಆ ಬೇಲಿಯ ಪಕ್ಕ ಯಾವಾಗ ನೋಡಿದರೂ ಹತ್ತು ಜನ ತಂತಿಯ ಮೇಲಿನ ಕಾಗೆಗಳ ಹಾಗೆ ಸಾಲಾಗಿರುತ್ತಾರೆ. ಕಾಲಿಗೆ ಹಲಗೆ ಕಟ್ಟಿಕೊಂಡು ಕೂತವನನ್ನು ಕಂಡು ಯಾರಿಗೆ ತಾನೇ ಏನನ್ನಿಸೀತು? ಆದರೆ ಗಡಸು ಬೂಟಿನವರು ಕೂರುವುದಿಲ್ಲ. ನಿಂತಲ್ಲೇ ಬಗ್ಗಿ ಚಿಲಕ ಹಾಕಿದರೆ ಅವರ ಕೆಲಸ ಆಯಿತು. ಗಾರ್ತ್ ಆ ಗುಡ್ಡದಲ್ಲಿ ಒಂದು ದಿನವೂ ಹಿಮಕ್ಕೆ ಕುಂಡೆ ತಾಗಿಸಿದವನಲ್ಲ. ಅವಳು ಅಲ್ಲಿದ್ದಿದ್ದರೆ ಕೂತ ಮರುಗಳಿಗೆಯೇ ಓಡುತ್ತಿದ್ದಳು. ಇದು ಅವಳಿಗೂ ಗೊತ್ತು, ಕೆಳಗಿನ ಲಿಫ್ಟು ನಡೆಸುವ ಡೆಲ್‌ನಿಗೂ ಗೊತ್ತು. ಇಪ್ಪತ್ತು ವರ್ಷದ ಗೆಳೆಯ ಡೆಲ್ ಅವತ್ತು ಡಬ್ಬಿ ಶನಿವಾರದ ಗದ್ದಲಕ್ಕೆ ಮುಖ ಮಾಡಿ, ಬೇಲಿಗೆ ಬೆನ್ನು ಹಾಕಿ ನಿಂತಿದ್ದ.

ಡಿಸೆಂಬರಿನಲ್ಲಿ ವರ್ನಾ ಹಲಗೆ ತಂದ ಮೊದಲ ದಿನ ಡೆಲ್ ಬೈದಿದ್ದ. “ನಿಂಗೇನು ಹುಚ್ಚಾ ವರ್ನಾ? ಎಡಗಾಲು ಮುಂದಿಟ್ಟು ನಿಲ್ಲೋಳು ನೀನು. ಅವನು ಬಲಗಾಲಿನೋನು. ಕಾಲು ಮುರ್ಕೋತೀಯ. ತಾ ಇಲ್ಲಿ, ನಾಲ್ಕು ಸ್ಕ್ರೂ ತಿರುಗಿಸಿಕೊಡ್ತೀನಿ.”

“ಮುಟ್ಟಬೇಡ. ಅವನು ಬಿಗಿದಿದ್ದು.”

ಡೆಲ್ ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಮೆಲ್ಲಗೆ, “ಅವತ್ತು ಅವನ ಜೊತೆ ಕೂರಿಸಿದ್ದು ಯಾರನ್ನ ಅಂತ ಎಷ್ಟು ತಲೆ ಕೆರಕೊಂಡ್ರೂ ನೆನಪಾಗ್ತಿಲ್ಲ ಕಣೆ,” ಎಂದ. “ಅವನು ಒಂಟಿಯಾಗಿ ಬಂದ. ‘ಸಿಂಗಲ್’ ಅಂತ ಕೂಗಿದ. ಇನ್ಯಾರೋ ‘ಸಿಂಗಲ್’ ಅಂದ್ರು. ಸೇರಿಸಿ ಕಳಿಸಿದೆ. ಒಂದೇ ದಿನಕ್ಕೆ ಬರೋ ಜನ, ವರ್ಷಕ್ಕೊಂದ್ಸಲ.”

ಒಬ್ಬರೇ ಬಂದವರು ಲಿಫ್ಟಿನ ಬುಡದಲ್ಲಿ ಹಾಗೆ ಕೂಗಿ ಜೊತೆ ಹುಡುಕಿಕೊಳ್ಳುವುದು ಇಲ್ಲಿಯ ರೂಢಿ. ಇಬ್ಬರ ಕುರ್ಚಿ, ಖಾಲಿ ಹೋಗಬಾರದು. ಮೂವತ್ತು ವರ್ಷ ಅವರಿಬ್ಬರಿಗೂ ಆ ಮಾತಿನ ಅಗತ್ಯ ಬಿದ್ದಿರಲಿಲ್ಲ. ಈ ಚಳಿಗಾಲವೆಲ್ಲ ವರ್ನಾ ಅದನ್ನು ಕೂಗಿ ಕೂಗಿ, ಸಂತೆಯಲ್ಲಿ ಸೊಪ್ಪು ಮಾರುವವಳ ಹಾಗೆ ಕಂಠ ಪಳಗಿಸಿಕೊಂಡಿದ್ದಳು.

ಅವನ ಸ್ಕ್ರೂ, ಅವನ ಕಾಲಿನ ಕ್ರಮ. ಅದರಿಂದ ಒಂದು ಕಷ್ಟವಾಯಿತು. ಮಿಲ್ಕ್ ರನ್ನನ್ನು ಅವರಿಬ್ಬರೂ ಹಾಸಿಗೆ ಹಂಚಿಕೊಂಡ ಹಾಗೆ ಹಂಚಿಕೊಂಡಿದ್ದರು. ಲಿಫ್ಟಿನ ಕಡೆಯ ಅರ್ಧ ಅವನದು, ಕಾಡಿನ ಕಡೆಯ ಅರ್ಧ ಅವಳದು. ರಾತ್ರಿ ಯಂತ್ರ ಬಾಚಿಟ್ಟ ಹಿಮದ ಮೇಲೆ ಗಾರ್ತ್‌ನ ಹಲಗೆ ಚಾಕುವಿನಲ್ಲಿ ಕೊಯ್ದಂತೆ ತೆಳುವಾದ, ಆಳವಾದ ಗೆರೆ ಬಿಡುತ್ತಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ವರ್ನಾ ಕುರ್ಚಿಯಿಂದ ಕೆಳಗೆ ನೋಡಿದರೆ, ಲಿಫ್ಟಿನ ಕಡೆಯ ಅರ್ಧದಲ್ಲಿ ಅದೇ ಗೆರೆ, ಅದೇ ತಿರುವು, ಲಿಫ್ಟಿನ ಮೂರನೆಯ ಕಂಬದ ಹತ್ತಿರ ಅದೇ ಚಿಕ್ಕ ಕೊಂಕು. ಅದು ಐದು ನಿಮಿಷದ ಹಿಂದೆ ತಾನೇ ಇಳಿದ ಗೆರೆಯೆಂದು ತಿಳಿಯಲು ಎರಡು ಕಂಬ ದಾಟಬೇಕಾಯಿತು. ಡೆಲ್‌ನೂ ಅವತ್ತು ಅದನ್ನು ಕಂಡು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡನಂತೆ. ಆಮೇಲಾಮೇಲೆ ಇಳಿಯುವಾಗ ಹಿಂದೆ ಹಿಮ ಸೀಳುವ ಸದ್ದು ಕೇಳತೊಡಗಿತು. ನಿಂತರೆ ಸದ್ದೂ ನಿಲ್ಲುತ್ತಿತ್ತು. ಕಾಡಿನ ಕಡೆಯ ಅರ್ಧಕ್ಕೆ ಮಾತ್ರ ಅವಳು ಈ ಚಳಿಗಾಲವಿಡೀ ಕಾಲಿಡಲಿಲ್ಲ.

ಬಟಾಣಿ ಹೆಂಗಸನ್ನು ಮೇಲೆ ಬಿಟ್ಟು, ಒಂದು ಸಲ ಇಳಿದು ಬಂದು, ವರ್ನಾ ಮತ್ತೆ ಸಾಲಿನಲ್ಲಿ ನಿಂತು “ಸಿಂಗಲ್!” ಎಂದಳು.

“ಸಿಂಗಲ್ಲೂ ಇದೆ, ಡಬಲ್ ತೂಕಾನೂ ಇದೆ!” ಎನ್ನುತ್ತ ಕಿತ್ತಳೆ ಬಣ್ಣದ ಹೆಲ್ಮೆಟ್ಟಿನ ದಪ್ಪ ಮನುಷ್ಯನೊಬ್ಬ ಸ್ಕೀ ಎಳೆದುಕೊಂಡು ಬಂದ. ಕುರ್ಚಿ ಇಬ್ಬರನ್ನೂ ಎತ್ತಿಕೊಂಡಿತು. ಅವನು ಉಸಿರು ತಿರುಗಿಸಿಕೊಂಡು ಅವಳ ಕಾಲು ನೋಡಿದ. “ಅರೆ! ಈ ಹಲಗೆ! ಮೀನಿನ ಸ್ಟಿಕ್ಕರೂ ಇದೆ! ಹೋದ ವರ್ಷ ಇದೇ ಡಬ್ಬಿ ಶನಿವಾರ ಇದರ ಜೊತೆ ಕೂತಿದ್ದೆ ರೀ ನಾನು. ಬಿಳಿ ಮೀಸೆಯೋರು. ನಿಮ್ಮೋರಾ?”

ವರ್ನಾ ಕುರ್ಚಿಯ ಕಂಬಿ ಹಿಡಿದುಕೊಂಡಳು. ಈ ಮನುಷ್ಯನಿಗೆಂದು ಅವಳು ವರ್ಷವೆಲ್ಲ ಬೈಗುಳ ಕೂಡಿಟ್ಟಿದ್ದಳು. ಪಕ್ಕದಲ್ಲೇ ಕೂತವನಿಗೆ ಗಾರ್ತ್‌ನ ಮುಖದ ಬಣ್ಣ ಕಾಣಲಿಲ್ಲವೇ, ಕಣ್ಣೇನು ಬಾಡಿಗೆಗೆ ಕೊಟ್ಟಿದ್ದೆಯಾ ಎಂದು ಕೇಳಬೇಕೆಂದಿದ್ದಳು.

“ನನ್ನ ಗಂಡ,” ಎಂದಳು.

“ನೋಡಿದ್ರಾ! ನಾನು ಲಾಯ್ಡ್, ಬ್ಯೂಟ್ ಊರೋನು. ಕೆಟ್ಟ ಕಾರು ಎಳಕೊಂಡು ಹೋಗೋ ಲಾರಿ ನಂದು. ವರ್ಷಕ್ಕೊಂದೇ ದಿನ ರಜ ತಗೊಳ್ಳೋದು, ಅದೂ ಇವತ್ತೇ.”

“ಏನು ಮಾತಾಡಿದ್ರಿ ಅವತ್ತು?”

“ಇನ್ನೇನು ಕೇಳ್ತಾರೆ? ‘ಇನ್ನೊಂದು ಎಲ್ಲಿ ಸ್ವಾಮಿ’ ಅಂದೆ.” ಲಾಯ್ಡ್ ತನ್ನ ಮಾತಿಗೆ ತಾನೇ ನಕ್ಕ. “ಎಲ್ಲರೂ ಅದನ್ನೇ ಕೇಳ್ತಾರೇನೋ, ಪಾಪ.”

ಮೂರನೆಯ ಕಂಬ ಹಿಂದೆ ಹೋಯಿತು.

“ಅವರೇನಂದ್ರು?”

“ಮೊದಲು ಕುತ್ತಿಗೆ ತಿರುಗಿಸಿ ಕೆಳಗೆ ಕಾರು ನಿಲ್ಲಿಸೋ ಜಾಗ ನೋಡಿದ್ರು. ಆಮೇಲೆ ‘ಬರ್ತಾಳೆ’ ಅಂದ್ರು.”

“ಬರ್ತಾಳೆ?”

“ಹ್ಞೂಂ ರೀ! ನಾನು ಹಲಗೆ ಕೇಳಿದ್ರೆ ಈ ಮನುಷ್ಯ ‘ಬರ್ತಾಳೆ’ ಅಂತಾರೆ! ನಂಗೆ ನಗು ತಡೀಲಿಲ್ಲ. ‘ಸಿಟ್ಟಲ್ಲಿದಾಳೆ, ಬರ್ತಾಳೆ ಬಿಡಿ’ ಅಂದ್ರು ಮತ್ತೆ. ಮೇಲೆ ಹೋದ್ಮೇಲೆ ನಾನು ಕಾಡಿನ ಕಡೆಯಿಂದ ಇಳಿಯೋಣ ಅಂತ ತಿರುಗಿದೆ. ಕೈ ಅಡ್ಡ ಹಿಡಿದುಬಿಟ್ರು! ‘ಆ ಕಡೆ ಬೇಡ ಮಾರಾಯ, ಅದು ಅವಳದು, ಕೆಡಿಸಬೇಡ’ ಅಂತ. ಸರಿಯಪ್ಪ ಅಂತ ಅವರ ಹಿಂದೇನೇ ಇಳಿದೆ. ನೀವೇ ಅಲ್ವಾ ಅವಳು?”

“ನಾನೇ.”

“ಬಂದ್ರಾ ಕೊನೆಗೆ?”

ವರ್ನಾ ಕಾಡಿನ ಕಡೆ ಮುಖ ತಿರುಗಿಸಿದಳು. ಅವಳ ಕಣ್ಣು ಉರಿಯುತ್ತಿತ್ತು, ಹಿಮದ ಕನ್ನಡಕ ಅದನ್ನು ಮುಚ್ಚಿತ್ತು. ಲಾಯ್ಡ್ ಉತ್ತರಕ್ಕೆ ಕಾಯಲೂ ಇಲ್ಲ. “ಆಮೇಲೆ ನಾನು ಮತ್ತೆ ಲಿಫ್ಟು ಹತ್ತಿದಾಗ ಬೇಲಿ ಹತ್ರ ಕೂತಿದ್ರು. ಕೈ ಬೀಸಿದೆ. ನೋಡ್ಲಿಲ್ಲ. ನಿಮ್ಮನ್ನ ಕಾಯ್ತಿದಾರೆ ಅಂದ್ಕೊಂಡೆ. ಎಲ್ಲಿ, ಇವತ್ತು ಬಂದಿಲ್ವಾ ಅವರು?”

ಹೇಳಿಬಿಡಬಹುದಿತ್ತು. ನೀನು ಕೈ ಬೀಸಿದಾಗ ಆ ಮನುಷ್ಯ ಸಾಯುತ್ತಿದ್ದ, ಇಲ್ಲವೇ ಸತ್ತಿದ್ದ ಎಂದರೆ, ಆ ನಲವತ್ತು ನಿಮಿಷದಲ್ಲಿ ಒಂದು ಪಾಲು ಇವನ ಕೊರಳಿಗೂ ಬೀಳುತ್ತಿತ್ತು. ಒಬ್ಬಳೇ ಹೊತ್ತು ಸಾಕಾಗಿತ್ತು ಅವಳಿಗೆ. ಅವನ ಮುಖ ನೋಡಿದಳು. ಚಳಿಗೆ ಕೆಂಪಾದ ದುಂಡು ಮುಖ, ಮೂಗಿನ ತುದಿಯಲ್ಲಿ ಹನಿ. ವರ್ಷಕ್ಕೊಂದೇ ದಿನ ರಜ.

“ಮುಂದೆ ಹೋದ್ರು,” ಎಂದಳು.

“ನಿಮ್ಮನ್ನ ಬಿಟ್ಟು? ಜಗಳ ಮುಗಿದೇ ಇಲ್ಲ ಅನ್ನಿ ಇನ್ನೂ!”

ಮೇಲೆ ಇಳಿದ ಮೇಲೆ ಲಾಯ್ಡ್ ಮಿಲ್ಕ್ ರನ್ನಿನ ನೆತ್ತಿಯಲ್ಲಿ ನಿಂತು, ಕಾಡಿನ ಕಡೆ ಬೆರಳು ತೋರಿಸಿ, “ಆ ಕಡೆ ಹೋಗಲ್ಲಪ್ಪ, ಗೊತ್ತು ನಂಗೆ,” ಎಂದು ಕಣ್ಣು ಮಿಟುಕಿಸಿ, ಲಿಫ್ಟಿನ ಕಡೆಯಿಂದ ಧುಮುಧುಮು ಇಳಿದುಹೋದ. ವರ್ನಾ ಬಹಳ ಹೊತ್ತು ಅಲ್ಲೇ ನಿಂತಳು. ಕಾಡಿನ ಕಡೆಯ ಅರ್ಧ ಯಂತ್ರ ಬಾಚಿದ ಹಾಗೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅವಳು ನಿಂತಲ್ಲೇ ಬಗ್ಗಿ ಹಿಂದಿನ ಕಾಲಿನ ಚಿಲಕ ಹಾಕಿ, ಆ ಕಡೆ ಹಲಗೆ ತಿರುಗಿಸಿದಳು. ಇಳಿಯುವಾಗ ಅವಳದೇ ಹಲಗೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಹಿಂದೆ ಯಾರೂ ಬರುತ್ತಿರಲಿಲ್ಲ. ಅದಕ್ಕೇ ಅಳು ಬಂತು.

ಕೆಳಗೆ ಬೇಲಿಯ ಪಕ್ಕ ನಿಂತಳು. ಸ್ನೋಬೋರ್ಡಿನ ನಾಲ್ಕೈದು ಜನ ಸಾಲಾಗಿ ಕೂತು ಚಿಪ್ಸ್ ತಿನ್ನುತ್ತಿದ್ದರು. ಅವರ ಪಕ್ಕ ವರ್ನಾ ಹಲಗೆ ಬಿಚ್ಚದೆ ಹಾಗೇ ಕೂತುಬಿಟ್ಟಳು. ಹಿಮ ತಣ್ಣಗೆ ಪ್ಯಾಂಟಿನೊಳಗೆ ಇಳಿಯಿತು.

ಲಿಫ್ಟು ಧಡಕ್ಕನೆ ನಿಂತಿತು. ಕುರ್ಚಿಗಳು ಜೋಲಿ ಹೊಡೆದವು, ಮೇಲೆ ಕೂತವರು “ಏಯ್! ಏನಾಯ್ತ್ರೀ?” ಎಂದು ಕೂಗಿದರು. ಡೆಲ್ ತನ್ನ ಜಾಗ ಬಿಟ್ಟು ಓಡಿ ಬರುತ್ತಿದ್ದ. ಅರವತ್ತಾರು ವರ್ಷದ ಮನುಷ್ಯ, ಮೊಣಕಾಲುದ್ದದ ಬೂಟು, ಮಧ್ಯ ಒಮ್ಮೆ ಮುಗ್ಗರಿಸಿ ಕೈಯೂರಿ ಎದ್ದು, ಟೋಪಿ ಬಿದ್ದದ್ದನ್ನೂ ನೋಡದೆ ಬಂದು ಅವಳ ಎರಡೂ ತೋಳು ಹಿಡಿದುಕೊಂಡ.

“ವರ್ನಾ! ಏ ವರ್ನಾ! ಎದೆ ನೋವಾ? ಮಾತಾಡೇ!”

“ಏನಿಲ್ಲ ಕಣೋ. ಸುಮ್ನೆ ಕೂತೆ.”

“ಸುಮ್ನೆ ಕೂರೋರಾ ನೀವಿಬ್ರೂ!” ಡೆಲ್ ಗದರಿದ. ಗದರುತ್ತಲೇ ಅವನ ದನಿ ಒಡೆಯಿತು, ಅವನೂ ಅವಳ ಪಕ್ಕ ಹಿಮದ ಮೇಲೆ ಕುಸಿದ. “ನನ್ನ ಜೀವ ತೆಗೀಬೇಡ ಕಣೇ.”

“ನಾನು ಬರ್ತೀನಿ ಅಂತ ಗಾರ್ತ್ ಕಾಯ್ತಿದ್ದನಂತೆ ಡೆಲ್. ಬರ್ತಾಳೆ ಅಂದಿದ್ದನಂತೆ.”

ಡೆಲ್ ಏದುಸಿರು ಬಿಡುತ್ತ ಅವಳ ಕೈಗವಸಿನ ಮೇಲೆ ಕೈ ಇಟ್ಟ.

ಎರಡನೆಯ ಕಂಬದ ಬಳಿ, ನಿಂತ ಕುರ್ಚಿಯೊಂದರಲ್ಲಿ, ಕಿತ್ತಳೆ ಹೆಲ್ಮೆಟ್ಟು ಗಾಳಿಗೆ ತೂಗುತ್ತಿತ್ತು. ಲಾಯ್ಡ್ ಹೊರಳಿ ಕೆಳಗೆ ನೋಡಿದ. ಬೇಲಿಯ ಪಕ್ಕ ಕೂತವಳನ್ನು ಗುರುತು ಹಿಡಿದು, ಸ್ಕೀ ಕೋಲು ಎತ್ತಿ ಖುಷಿಯಿಂದ ಕೈ ಬೀಸಿದ.

ವರ್ನಾ ಕೈಯೆತ್ತಿದಳು. ಅವನಿಗೆ ಕಾಣಲೆಂದು ತೋಳು ಪೂರ್ತಿ ಚಾಚಿ ಬೀಸಿದಳು, ಲಿಫ್ಟು ಮತ್ತೆ ಹೊರಡುವವರೆಗೂ ಬೀಸುತ್ತಲೇ ಇದ್ದಳು.