ಮಾತು ಮರೆತಿರಲಿಲ್ಲ

ನನ್ನ ಅಭಿನಯದಲ್ಲಿ ಅಳುಕು ಸಾಲದು ಎಂದು ವಿಮರ್ಶಕ ಯಶವಂತ್ ಬರೆದ. ನಲವತ್ತೊಂಬತ್ತು ವರ್ಷದ ವಿಧವೆ ತನ್ನ ಮೈಯ ಆಸೆಯನ್ನು ಬಾಯಿಬಿಟ್ಟು ಹೇಳುವಾಗ ದನಿ ನಡುಗಬೇಕಂತೆ, ತಲೆ ತಗ್ಗಬೇಕಂತೆ. ದಾಕ್ಷಾಯಣಿಯವರು ಮಾತ್ರ ಹಾಜರಿ ಕೂಗುವ ಟೀಚರ್ ಹಾಗೆ ಹೇಳಿಬಿಡುತ್ತಾರೆ, ಆದ್ದರಿಂದ ನಂಬಿಕೆ ಹುಟ್ಟುವುದಿಲ್ಲ ಎಂದು ಅವನ ತೀರ್ಪು. ನಾನು ಟೀಚರೇ. ಬ್ಯಾಟರಾಯನಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಲವತ್ತೊಂಬತ್ತೂ ನಿಜ, ಗಂಡ ಇಲ್ಲದ್ದೂ ನಿಜ. ಮೀಸೆ ಈಗಷ್ಟೇ ದಟ್ಟವಾಗುತ್ತಿರುವ ಹುಡುಗನೊಬ್ಬ ನನ್ನ ವಯಸ್ಸು ಹೇಗಿರಬೇಕೆಂದು ನನಗೇ ಪಾಠ ಹೇಳಿದ್ದು ಓದಿ ಮೈ ಉರಿಯಿತು. ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ನಾಟಕವೆಂದರೆ ಒಂದು ಮಂಚ, ಒಂದು ದೀಪ, ನಾನು. ಪರದೆಯಿಲ್ಲ, ಸಂಗೀತವಿಲ್ಲ, ಅರ್ಧಕ್ಕರ್ಧ ಮೌನ. ನಡುವೆ ಮಂಚದ ತುದಿಯಲ್ಲಿ ಕೂತು, "ಯಾರಾದ್ರೂ ನನ್ನ ಮುಟ್ಟಬೇಕು ಅಂತ ನನಗೆ ಇನ್ನೂ ಅನ್ಸತ್ತೆ" ಎನ್ನುತ್ತೇನೆ. ಆಮೇಲೆ ಸುಮ್ಮನೆ ಜನರ ಮುಖ ನೋಡುತ್ತಾ ಕೂರಬೇಕು. ಯಾರೋ ಕೆಮ್ಮುತ್ತಾರೆ, ಕುರ್ಚಿ ಕಿರುಗುಟ್ಟುತ್ತದೆ, ಅದೆಲ್ಲ ಅಡಗಿ ಹಾಲ್ ಪೂರ್ತಿ ತಣ್ಣಗಾಗುವವರೆಗೂ ನಾನು ಅಲ್ಲಾಡಕೂಡದು. ಇದು ನಿರ್ದೇಶಕಿ ಮೋನಿಷಾಳ ಕಟ್ಟಪ್ಪಣೆ. ಒಂದು ಪ್ರದರ್ಶನದಲ್ಲಿ ಆರ್.ಟಿ. ನಗರದ ದಂಪತಿ ಆ ಮಾತಿಗೇ ಎದ್ದು ನಡೆದರು. ಮುಂದಿನ ಪ್ರದರ್ಶನಕ್ಕೆ ಆ ಹೆಂಡತಿ ಒಬ್ಬಳೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾಟಕದ ನಂತರದ ಚರ್ಚೆಯಲ್ಲಿ ರಿಟೈರ್ಡ್ ಅಧಿಕಾರಿಯೊಬ್ಬರು, ಬೆಳಿಗ್ಗೆ ಯೋಗ ಮಾಡಿದರೆ ಇದೆಲ್ಲ ಹತೋಟಿಗೆ ಬರುತ್ತದೆ ಎಂದು ಸಲಹೆ ಕೊಟ್ಟರು. ಯೋಗ ಮಾಡ್ತೀನಿ ಸಾರ್, ಅದರಿಂದ ಜಾಸ್ತಿಯೇ ಆಗಿದೆ ಎಂದೆ.

ಇವರ್ಯಾರಿಗೂ ನಾನು ಹೆದರಿದವಳಲ್ಲ. ಹೆದರಿಕೆ ಇದ್ದದ್ದು ಒಬ್ಬರದೇ, ನಮ್ಮ ಅತ್ತೆ ಮುನಿಗಂಗಮ್ಮನದು. ಗಂಡ ತೀರಿಕೊಂಡ ಮೇಲೆ ಪುಟ್ಟೇನಹಳ್ಳಿಯ ಮನೆಯಲ್ಲಿ ನಾವಿಬ್ಬರೇ. ಅವರು ಮುದ್ದೆ ತಿರುವುತ್ತಾರೆ, ನಾನು ಸಾರಿಗೆ ಒಗ್ಗರಣೆ ಹಾಕುತ್ತೇನೆ, ಜಗಳವಾಡುತ್ತಾ ಉಣ್ಣುತ್ತೇವೆ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಮುನೇಶ್ ಮದುವೆಯಾಗೋಣವೇ ಎಂದು ಕೇಳಿದ್ದರು. ನಾನು ಮನಸಾರೆ ಒಪ್ಪಿದ್ದೆ. ಅತ್ತೆಗೆ ಹೇಳುವುದೊಂದೇ ಬಾಕಿ. ಅವರನ್ನು ಕಳೆದುಕೊಂಡು ಮಾಡಿಕೊಳ್ಳುವ ಮದುವೆ ನನಗೆ ಬೇಕಿರಲಿಲ್ಲ. ನಾಟಕ ನೋಡಲಿ, ನನ್ನ ಮನಸ್ಸು ಅರ್ಥವಾಗುತ್ತದೆ, ನಡುವೆ ಎದ್ದು ಹೋದರೆ ಅದೇ ಉತ್ತರ ಎಂದುಕೊಂಡು ಕೊನೆಯ ಪ್ರದರ್ಶನಕ್ಕೆ ಕರೆದೆ.

ಭಾನುವಾರ ಬೆಳಿಗ್ಗೆ ಪ್ರದರ್ಶನ. ಯಲಹಂಕದಲ್ಲಿ ನಾಟಕದ ಹಾಲ್ ಇರುವ ಕಟ್ಟಡ ಕಟ್ಟಿಸಿದವನು ನನ್ನ ಮೈದುನ ಲಕ್ಕಣ್ಣ. ಅವನೇ ಅತ್ತೆಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತ. ತೊಡೆಯ ಮೇಲೊಂದು ದಪ್ಪ ಚೀಲ ಇತ್ತು. ಎರಡನೇ ಸಲ ನೋಡಲು ಬಂದ ಯಶವಂತ್ ಅವರ ಹಿಂದೆಯೇ ಇದ್ದ.

ನಾನು ಆ ಮಾತು ಹೇಳಿದೆ. ಸುಮ್ಮನಾದೆ. ಅತ್ತೆಯ ಮುಖ ನೋಡುವ ಧೈರ್ಯವಾಗದೆ ಗೋಡೆ ನೋಡಿದೆ.

ಲಕ್ಕಣ್ಣ ಊರಿನ ಪೌರಾಣಿಕ ನಾಟಕಗಳಲ್ಲಿ ಕಿರೀಟ ತೊಟ್ಟು ಬೆಳೆದವನು. ಅಲ್ಲಿ ಪಾತ್ರಧಾರಿ ಸುಮ್ಮನೆ ನಿಂತನೆಂದರೆ ಮಾತು ಮರೆತನೆಂದೇ ಲೆಕ್ಕ. ಆಗ ಹಾರ್ಮೋನಿಯಂ ಮೇಷ್ಟ್ರು ರಾಗ ಎಳೆಯುತ್ತಾರೆ, ಮನೆಯವರು ಹಾರ ಹಿಡಿದು ಸ್ಟೇಜ್ ಹತ್ತುತ್ತಾರೆ. ಹಾರ ಹಾಕಿಸಿಕೊಂಡು ಕೈಮುಗಿಯುವಷ್ಟರಲ್ಲಿ ಪಾತ್ರಕ್ಕೆ ಮಾತು ನೆನಪಾಗುತ್ತದೆ, ಮಾನ ಉಳಿಯುತ್ತದೆ. ಇಲ್ಲಿ ಹಾರ್ಮೋನಿಯಂ ಇರಲಿಲ್ಲ. ಅತ್ತಿಗೆಯ ಮಾನ ತನ್ನ ಕೈಯಲ್ಲೇ ಇದೆ ಎಂದುಕೊಂಡ ಅವನು ಚೀಲದಿಂದ ಸುಗಂಧರಾಜದ ಹಾರ ತೆಗೆದು ದಡದಡ ಮೇಲೆ ಬಂದ.

"ಗಾಬರಿ ಆಗ್ಬೇಡಿ ಅತ್ತಿಗೆ, ನಿಧಾನಕ್ಕೆ ನೆನಪಿಸ್ಕೊಳ್ಳಿ" ಎಂದು ಪಿಸುಗುಟ್ಟಿ ಹಾರ ಎತ್ತಿದ. ಎತ್ತಿದ ಮೇಲೆ ಅವನಿಗೆ ತಿಳಿಯಿತು. ಗಂಡ ಸತ್ತ ಹೆಂಗಸು, ಹಾರ ಹಿಡಿದ ಗಂಡಸು, ಪಕ್ಕದಲ್ಲಿ ಮಂಚ. ಕೈ ಅಲ್ಲೇ ನಿಂತಿತು. ಹಾಕುವಂತಿಲ್ಲ, ಇಳಿಸುವಂತಿಲ್ಲ, ಹಣೆಯಲ್ಲಿ ಬೆವರು. ಹಿಂದೆ ಯಾರೋ ನಕ್ಕರು. ನಾನು ಅಲ್ಲಾಡಲಿಲ್ಲ, ಆದರೆ ಎಲ್ಲ ಮುಗಿಯಿತು ಎಂದುಕೊಂಡೆ. ಇಡೀ ಮನೆತನವನ್ನು ಜನರ ಮುಂದೆ ನಗೆಪಾಟಲು ಮಾಡಿದ್ದೆ.

ಆಗ ಅತ್ತೆಯ ದನಿ ಬಂತು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ರೂಢಿಯಾದ ದನಿ.

"ಲಕ್ಕ, ಇಳ್ಯೋ ಕೆಳೀಕೆ. ಅವ್ಳೇನೂ ಮರ್ತಿಲ್ಲ. ಯೋಳ್ಬೇಕಾದ್ದ ಯೋಳವ್ಳೆ, ಕೂತ್ಕಂಡು ಕೇಳುಸ್ಕ."

ಅವನು ಇಳಿದು ಹೋಗಿ ಕೂತ. ಆಗ ಹಾಲ್‌ನಲ್ಲಿ ಆವರಿಸಿದಂಥ ನಿಶ್ಶಬ್ದ ಮೋನಿಷಾ ತಿಂಗಳುಗಟ್ಟಲೆ ಹೇಳಿಕೊಟ್ಟರೂ ನಮಗೆ ಸಿಕ್ಕಿರಲಿಲ್ಲ. ಅತ್ತೆ ಎದ್ದು ಹೋಗಲಿಲ್ಲ. ಉಳಿದ ನಾಟಕವನ್ನು ನಾನು ಅವರೊಬ್ಬರಿಗೇ ಆಡಿದೆ.

ಚರ್ಚೆ ಶುರುವಾದದ್ದೇ ಯಶವಂತ್ ಎದ್ದು ನಿಂತ. ಹಾರದ ದೃಶ್ಯ ಹೊಸ ಸೇರ್ಪಡೆ, ಪುರುಷ ಸಮಾಜದ ಇಬ್ಬಂದಿಯನ್ನು ಒಂದೇ ಭಂಗಿಯಲ್ಲಿ ಹಿಡಿದಿದ್ದೀರಿ ಎಂದು ಹೊಗಳಿದ. "ಆ ನಟ ಯಾರು ಮೇಡಂ? ನಾನು ಬರೆದಿದ್ದೆನಲ್ಲ ಅಳುಕು ಅಂತ, ಅದು ಅವರಲ್ಲಿದೆ" ಎಂದ. ಲಕ್ಕಣ್ಣನ ಕಿವಿ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ.

ಯಶವಂತ್ ಅತ್ತೆಯ ಕಡೆ ತಿರುಗಿದ. "ಅಮ್ಮ, ನೀವು ಹೇಳಿ. ಗಂಡ ಹೋದ ಮೇಲೂ ಒಬ್ಬ ಹೆಂಗಸು ಇಷ್ಟು ಧೈರ್ಯವಾಗಿ ಆಸೆ ಹೇಳ್ಕೊಳ್ಳೋದು ನಂಬೋ ಹಾಗಿದೆಯಾ?"

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವ್ರಪ್ಪ ತೀರ್ಕಂಡಾಗ ಈ ಲಕ್ಕ ನನ್ ಸೊಂಟದ್ ಮೇಲಿದ್ದ" ಎಂದರು. "ನಂಗೂ ಇತ್ತಪ್ಪ ಆಸೆ. ಬಾಳ ವರ್ಸ ಇತ್ತು. ಯಾರೂ ಕೇಳ್ಲಿಲ್ಲ, ನಾನೂ ಯೋಳ್ಲಿಲ್ಲ. ಇನ್ನ ನಂಬೋದು ಬುಡೋದು ನಿನ್ ಇಷ್ಟ."

ಯಶವಂತ್ ಕೂತುಬಿಟ್ಟ. ಲಕ್ಕಣ್ಣ ತಾಯಿಯ ಮುಖವನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತೂ ಅವರನ್ನು ಈ ಮಾತು ನಾನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ನನಗೆ ಸಂಕಟವಾಯಿತು.

ಅತ್ತೆ ನನ್ನತ್ತ ತಿರುಗಿದರು. "ದಾಕ್ಷಿ, ನಿಂಗ್ಯಾರಾದ್ರೂ ಅವ್ರೇನಮ್ಮಿ?"

ಅಷ್ಟು ಜನ ಇದ್ದರು. ನಾನು ತಲೆ ತಗ್ಗಿಸಲಿಲ್ಲ.

"ಇದಾರೆ ಅತ್ತೆ. ನಮ್ ಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು. ಮುನೇಶ್ ಅಂತ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಕೋಪವೋ ಅಳುವೋ ತಿಳಿಯಲಿಲ್ಲ.

"ಅಂಗಾರೆ ಊರೋರ್‌ಗೆಲ್ಲ ಯೋಳ್ಕಂಡ್ ಕೂತಿದ್ಯಲ್ಲೆ, ನಂಗ್ಯಾಕ್ ಯೋಳ್ಲಿಲ್ಲ?"