ಪಟ್ಟಿಯ ಮೊದಲ ಹೆಸರು

ಬ್ಯಾಡಗಿಯ ಮೈದಾನದಲ್ಲಿ ಆರನೆಯ ಗೋಲು ಬಿದ್ದಾಗ ಉಡಚಪ್ಪ ಎದ್ದು ಹೋಗಿ, ಬಾಯಲ್ಲಿದ್ದ ಎಲೆ-ಅಡಿಕೆಯನ್ನೆಲ್ಲ ಗೋಡೆಯ ಬುಡಕ್ಕೆ ಉಗಿದು ಬಂದ. ಹಾಗೆ ಅರ್ಧಕ್ಕೇ ಉಗಿಯುವ ಮನುಷ್ಯನಲ್ಲ ಅವನು. ಒಮ್ಮೆ ಬಾಯಿಗೆ ಹಾಕಿದ ಎಲೆಯ ರಸವನ್ನು ಪೂರ್ತಿ ನುಂಗಿಯೇ ಬಿಡುವ ಜಾತಿ. ಆದರೆ ಆ ಹೊತ್ತಿಗೆ ಅವನಿಗೆ ಎಲೆಯೂ ರುಚಿಸದಾಗಿತ್ತು.

ಸೋಲುತ್ತಿದ್ದುದು ರಾಣೇಬೆನ್ನೂರಿನ ಕುಮದ್ವತಿ ಫುಟ್‌ಬಾಲ್ ಕ್ಲಬ್. ಮೂವತ್ತೊಂದು ವರ್ಷ ಅವನು ಈ ಕ್ಲಬ್ಬಿನ ಬೆನ್ನು ಹತ್ತಿ ಊರೂರು ತಿರುಗಿದ್ದ. ಸ್ವತಃ ಒಂದು ದಿನವೂ ಆಡಿದವನಲ್ಲ, ಹುಟ್ಟಿನಿಂದಲೇ ಎಡಗಾಲು ತುಸು ಗಿಡ್ಡ. ಆಡಲಾಗದವನ ಹಟವೆಲ್ಲ ನೋಡುವುದರಲ್ಲಿ ತೀರಿಸಿಕೊಂಡಿದ್ದ. ಯಾವ ಹುಡುಗ ಯಾವ ಕಾಲಿಗೆ ಹೆದರುತ್ತಾನೆ, ಯಾರಿಗೆ ಅರ್ಧ ಆಟಕ್ಕೇ ಏದುಸಿರು ಬರುತ್ತದೆ, ಎಲ್ಲವನ್ನೂ ಅವನು ಕಣ್ಣು ಮುಚ್ಚಿ ಹೇಳಬಲ್ಲ.

ಈ ಸಲ ಲೀಗಿನಲ್ಲಿ ಎಂಟು ತಂಡ, ಏಳು ಆಟ. ಆರು ಮುಗಿದಿದ್ದವು. ಐದು ಸೋತು, ಒಂದು ಹೇಗೋ ಸಮ ಮಾಡಿಕೊಂಡಿದ್ದರು. ಉಳಿದದ್ದು ಒಂದೇ, ಹಾವೇರಿಯಲ್ಲಿ. ಅದನ್ನು ಗೆದ್ದರೆ ಕ್ಲಬ್ ಉಳಿಯಿತು, ಇಲ್ಲದಿದ್ದರೆ ಮುಂದಿನ ವರ್ಷ ಲೀಗಿನಲ್ಲಿ ಕುಮದ್ವತಿಯ ಹೆಸರೇ ಇರುವುದಿಲ್ಲ. ಇನ್ನು ಆಟವೇ ಇಲ್ಲದ ಕ್ಲಬ್ಬಿಗೆ ಯಾರು ಮೈದಾನ ಬಿಟ್ಟುಕೊಡುತ್ತಾರೆ?

ಸೋತದ್ದಕ್ಕೆ ಉಡಚಪ್ಪನಿಗೆ ಅಷ್ಟು ಬೇಸರವಿರಲಿಲ್ಲ. ಹೇಸಿಗೆ ಬಂದದ್ದು ಸೋತ ರೀತಿಗೆ. ಗೋಲ್ ಕೀಪರ್ ಅಧ್ಯಕ್ಷರ ಷಡ್ಡಕನ ಮಗ. ಚೆಂಡು ಬಲೆಯೊಳಗೆ ಬಿದ್ದ ಮೇಲೆ ಹಾರುತ್ತಿದ್ದ, ಅದೂ ಕೂದಲು ಕೆಡದ ಹಾಗೆ. ಹಿಂದೆ ನಿಲ್ಲುವ ಇಬ್ಬರು ಕಟ್ಟಿಗೆ ಅಡ್ಡೆಯವರ ಮಕ್ಕಳು. ಜರ್ಸಿ ಕೊಡಿಸಿದವರು ಅವರಪ್ಪ, ಆದ್ದರಿಂದ ಜರ್ಸಿ ತೊಡುವ ಹಕ್ಕೂ ಅವರದೇ. ಬಲಗಡೆ ಓಡಬೇಕಾದವನು ಕಾರ್ಯದರ್ಶಿಯ ಹೆಂಡತಿಯ ತಮ್ಮ. ಮೂವತ್ತನಾಲ್ಕು ವರ್ಷ, ಗುಡಾಣದಂಥ ಹೊಟ್ಟೆ. ಅವನು ಓಡುವಾಗ ಹೊಟ್ಟೆ ಮುಂದೆ ಹೋಗಿ ಅವನಿಗಾಗಿ ಕಾಯುತ್ತಿತ್ತು. ಆರು ಗೋಲು ತಿಂದು ಹೊರಗೆ ಬಂದವರು ಹಲ್ಲು ಕಿಸಿಯುತ್ತ ಫೋಟೊ ತೆಗೆಸಿಕೊಂಡರು. ಒಬ್ಬನ ಮೈಮೇಲೂ ಮಣ್ಣಿರಲಿಲ್ಲ.

ಮಣ್ಣಾಗಿದ್ದವರು ಇಬ್ಬರೇ. ಒಬ್ಬ ಕ್ಯಾಪ್ಟನ್ ಜಾಕೀರ್, ಶಾಲೆಯ ವ್ಯಾನು ಓಡಿಸುವವನು. ಇನ್ನೊಬ್ಬ ಸುದೀಪ, ಉಡಚಪ್ಪನ ಅಕ್ಕ ಕರೆವ್ವನ ಮಗ, ಸೆಂಟರ್ ಫಾರ್ವರ್ಡ್. ಮೋಟಾರು ರಿಪೇರಿ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಐದೂವರೆಗೆ ಮೈದಾನ. ಈ ವರ್ಷ ಕುಮದ್ವತಿ ಹೊಡೆದದ್ದೇ ಮೂರು ಗೋಲು, ಅದರಲ್ಲಿ ಎರಡು ಅವನವು.

"ಇದನ್ನ ಹಿಂಗ ಬಿಟ್ರ ಕ್ಲಬ್ ಸುಡಗಾಡಕ್ಕ ಹೊಕ್ಕತಿ" ಎಂದು ಬಸ್ಸಿನಲ್ಲಿ ಉಡಚಪ್ಪ ಜಾಕೀರನಿಗೆ ಹೇಳಿದ. "ನಾ ಒಂದು ಪಟ್ಟಿ ಮಾಡ್ತೇನಿ. ಯಾರು ಹೊರಗ, ಯಾರು ಒಳಗ. ಕಮಿಟಿ ಮುಂದ ಇಡ್ತೇನಿ."

"ಮಾಡ್ರಿ, ಯಾರರ ಒಬ್ರು ಮಾಡಬೇಕು" ಎಂದು ಜಾಕೀರ್ ಕಣ್ಣು ಮುಚ್ಚಿದ. ಅವನ ಮೊಣಕಾಲು ಬದನೆಕಾಯಿಯಂತೆ ಊದಿತ್ತು.

ಪಟ್ಟಿ ಮಾಡುವುದು ಉಡಚಪ್ಪನಿಗೆ ಹೊಸದಲ್ಲ. ಅವನು ಬೀಜದ ಕಂಪನಿಯೊಂದರ ಸೂಪರ್‌ವೈಜರ್. ಮೇಡ್ಲೇರಿ ಕಡೆಯ ಹೊಲಗಳಲ್ಲಿ ರೈತರು ಕಂಪನಿಗಾಗಿ ಟೊಮೆಟೊ ಬೀಜ ಬೆಳೆಯುತ್ತಾರೆ. ಹೂ ಬಿಡುವ ಮೊದಲು ಸಾಲು ಸಾಲು ಓಡಾಡಿ, ಜಾತಿ ಬಿಟ್ಟು ಬೆಳೆದ ಬೆರಕೆ ಗಿಡಗಳನ್ನು ಕೀಳಿಸುವುದು ಅವನ ಕೆಲಸ. ಒಂದು ಬೆರಕೆ ಗಿಡ ಉಳಿದರೂ ಇಡೀ ಹೊಲದ ಬೀಜ ತಿರಸ್ಕಾರ. ಆದರೆ ಮಕ್ಕಳ ಹಾಗೆ ಸಾಕಿದ ಗಿಡಕ್ಕೆ ಕೈ ಹಾಕಿದರೆ ಯಾವ ರೈತ ಸುಮ್ಮನಿರುತ್ತಾನೆ? ಅದಕ್ಕೆ ಉಡಚಪ್ಪ ಒಂದು ಪದ್ಧತಿ ಮಾಡಿಕೊಂಡಿದ್ದ. ಮೊದಲು ತನ್ನ ದೊಡ್ಡಪ್ಪನ ಮಗನ ಹೊಲಕ್ಕೆ ಹೋಗುತ್ತಿದ್ದ. ಎಲ್ಲರೂ ನೋಡುತ್ತಿರುವಾಗ ಅಲ್ಲಿಯ ಒಂದು ಒಳ್ಳೆಯ ಗಿಡಕ್ಕೇ ಕೈ ಹಾಕುತ್ತಿದ್ದ. ಆಗ ಸುತ್ತ ನಿಂತವರೇ "ಏ, ಅದು ಚಲೋ ಐತಿ ಬಿಡೋ ಮಾರಾಯ, ನಮ್ಮದರಾಗಿಂದು ಕೀಳು ಬಾ" ಅನ್ನುತ್ತಿದ್ದರು. ಒಳ್ಳೆಯ ಗಿಡ ಉಳಿಯುತ್ತಿತ್ತು, ಬೆರಕೆಯದು ಹೋಗುತ್ತಿತ್ತು, ಉಡಚಪ್ಪ ಮಾತ್ರ ಪಕ್ಷಪಾತವಿಲ್ಲದ ಮನುಷ್ಯ ಎನ್ನಿಸಿಕೊಳ್ಳುತ್ತಿದ್ದ. ಈ ಹೆಸರು ಅವನಿಗೆ ಪಗಾರಕ್ಕಿಂತ ದೊಡ್ಡದಾಗಿತ್ತು.

ಆ ಪದ್ಧತಿಯನ್ನೇ ಪುಣ್ಯಾತ್ಮ ಕ್ಲಬ್ಬಿಗೂ ತಂದ.

ಮೂರು ದಿನ ಕುಳಿತು ಬರೆದ. ಹೊಸಬರ ಪಟ್ಟಿಯಂತೂ ಓದಿದರೆ ಖುಷಿಯಾಗಬೇಕು, ಹಾಗಿತ್ತು. ಗೋಲಿಗೆ ಮೇಡ್ಲೇರಿಯ ಹೊಳಿಯಪ್ಪ. ಆರಡಿ ಆಳು, ವಾಲಿಬಾಲ್ ಆಡಿ ಪಳಗಿದ ಕೈ, ಎತ್ತರಕ್ಕೆ ಬಂದದ್ದು ಯಾವುದೂ ಅವನನ್ನು ದಾಟುವುದಿಲ್ಲ. ಹಿಂದಕ್ಕೆ ಕದರಮಂಡಲಗಿಯ ಇಬ್ಬರು ಕಬಡ್ಡಿ ಆಟಗಾರರು. ಕಬಡ್ಡಿಯವನು ಎದುರಾಳಿಯ ಕಾಲು ನೋಡಿ ಮೋಸ ಹೋಗುವುದಿಲ್ಲ, ಸೊಂಟ ನೋಡುತ್ತಾನೆ, ಸೊಂಟ ತಿರುಗಿದ ಕಡೆಗೇ ಮನುಷ್ಯ ಹೋಗಬೇಕು. ಬಲಗಡೆಗೆ ಗಳಗನಾಥದ ಮಾಲತೇಶ, ಜಿಲ್ಲೆಯ ಓಟದಲ್ಲಿ ಎರಡನೆಯವನು. ಚೆಂಡಿಲ್ಲದಾಗ ಯಾರು ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಒಂದು ಚಿತ್ರ ಬರೆದಿದ್ದ.

ತೆಗೆಯಬೇಕಾದವರ ಪಟ್ಟಿಯಲ್ಲಿ ಐದು ಹೆಸರು. ಮೊದಲನೆಯದು ಸುದೀಪ. "ಚೆಂಡು ಬಿಟ್ಟುಕೊಡುವುದಿಲ್ಲ, ತನ್ನ ಹೆಸರಿಗೆ ಆಡುತ್ತಾನೆ, ತಂಡಕ್ಕೆ ಉಪಯೋಗವಿಲ್ಲ" ಎಂದು ಕಾರಣವನ್ನೂ ಗುಂಡಗೆ ಬರೆದ. ಇದನ್ನು ಓದಿದ ಕೂಡಲೇ ಕಮಿಟಿಯವರು ಹೌಹಾರಿ "ಸುದೀಪನ್ನ ಬಿಡಬ್ಯಾಡ್ರಿ" ಎನ್ನುತ್ತಾರೆ, ಆಮೇಲೆ ತಮ್ಮ ತಮ್ಮ ಹುಡುಗರನ್ನು ತಾವೇ ಹೊರಗಿಡುತ್ತಾರೆ ಎಂದು ಅವನು ನಂಬಿದ್ದ.

ಸಭೆ ಸೇರಿದ್ದು ಅಧ್ಯಕ್ಷ ಪ್ರಭುಲಿಂಗಪ್ಪನವರ ಗೊಬ್ಬರದ ಅಂಗಡಿಯ ಮಹಡಿಯಲ್ಲಿ. ಯೂರಿಯಾದ ವಾಸನೆ, ಮಿರ್ಚಿ-ಮಂಡಕ್ಕಿ. ಐದು ಜನ ಕಮಿಟಿಯವರು, ಒಂದು ಬದಿಗೆ ಜಾಕೀರ್. ಉಡಚಪ್ಪ ಎದ್ದು ನಿಂತು ಮೊದಲ ಹೆಸರು ಓದಿದ, ಕಾರಣ ಓದಿದ, ಓದಿ ಒಂದು ಗಳಿಗೆ ತಡೆದ. ಆ ಗಳಿಗೆಯಲ್ಲಿ ಯಾರಾದರೂ ಬಾಯಿ ಬಿಡಬೇಕಿತ್ತು.

ಬಿಟ್ಟವರು ಪ್ರಭುಲಿಂಗಪ್ಪ. "ವಾಹ್! ಸ್ವಂತ ಅಕ್ಕನ ಮಗ ಅನ್ನೂದನ್ನೂ ನೋಡಲಿಲ್ಲ. ಉಡಚಪ್ಪಾ, ನಿನ್ನಂಥಾ ನ್ಯಾಯದ ಮನಷ್ಯಾ ಈ ಊರಾಗ ಸಿಗಾಂಗಿಲ್ಲ ಬಿಡು." ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಆಗಲೇ ಪುಸ್ತಕ ಬಿಚ್ಚಿ ಬರೆಯತೊಡಗಿದ್ದ. "ಉಡಚಪ್ಪನ ಸಲಹಿ ಪ್ರಕಾರ ಸುದೀಪನ್ನ ಕೈಬಿಡೂದು. ಎಲ್ಲಾರಿಗೂ ಒಪ್ಪಿಗಿ ಐತಲ್ರಿ? ಆ ಜಾಗಾಕ್ಕ ನಮ್ಮ ತಂಗಿ ಮಗ ಅದಾನ, ಚಲೋ ಒದೀತಾನ."

"ತಡೀರಿ, ಇನ್ನೂ ನಾಕು ಹೆಸರು ಅದಾವ" ಎಂದು ಉಡಚಪ್ಪ ಮುಂದಿನದನ್ನು ಓದಲು ಹೋದ.

"ಒಮ್ಮೆಲೇ ಎಲ್ಲಾ ಬದಲಿ ಮಾಡಿದ್ರ ತಂಡ ತತ್ತರಸ್ತದ. ಉಳದದ್ದು ಮುಂದಿನ ವರ್ಷ ನೋಡೂಣು" ಎಂದರು ಪ್ರಭುಲಿಂಗಪ್ಪ, ಮಿರ್ಚಿಯ ತೊಟ್ಟು ತೆಗೆಯುತ್ತ.

"ಸಾಹುಕಾರ್ರ, ಹಂಗಾದ್ರ ಸುದೀಪನೂ ಇರ್ಲಿ. ಗೋಲ್ ಹೊಡಿಯೋನು ಅವನೊಬ್ಬನ..."

ಪ್ರಭುಲಿಂಗಪ್ಪ ನಕ್ಕರು. "ಈಗ ನೋಡು ಕರಳು ಚುರ್ ಅಂತು! ನೀನ ಬರದಿಯಲ್ಲೋ, ತಂಡಕ್ಕ ಉಪಯೋಗಿಲ್ಲ ಅಂತ? ಖರೇ ಬರದೀಯೋ, ಸುಳ್ಳ ಬರದೀಯೋ?"

ಇಲ್ಲಿ ಉಡಚಪ್ಪ ಸುಳ್ಳು ಬರೆದೆ ಎನ್ನಬೇಕಿತ್ತು. ಅಂದಿದ್ದರೆ ಮೂವತ್ತು ವರ್ಷದ ನ್ಯಾಯವಂತ ಎಂಬ ಹೆಸರು ಆ ಮಂಡಕ್ಕಿಯ ಕಾಗದದ ಜೊತೆ ಕಸದ ಬುಟ್ಟಿಗೆ ಹೋಗುತ್ತಿತ್ತು. "ಖರೇನ ಬರದೇನ್ರಿ" ಎಂದ. ತನ್ನ ದನಿ ತನಗೇ ಅಸಹ್ಯವಾಯಿತು. ಮತ್ತೆ ಯಾರೋ ಚಪ್ಪಾಳೆ ತಟ್ಟಿದರು.

ಮೆಟ್ಟಿಲು ಇಳಿಯುವಾಗ ಜಾಕೀರ್ ಹಿಂದಿನಿಂದ ಬಂದ. "ಬರಿಯೂಕಿಂತ ಮೊದ್ಲ ನನಗೊಂದ್ ಮಾತು ಕೇಳಬೇಕಿತ್ರಿ ಉಡಚಪ್ಪಣ್ಣ. ಅವರು ನಿಮ್ಮ ಹೊಲದ ರೈತರಲ್ಲ. ರೈತರಿಗೆ ಬೆಳಿ ಬೇಕಾಗಿರ್ತತಿ. ಇವರಿಗೆ ಏನೂ ಬೇಕಾಗಿಲ್ಲ." ಅಷ್ಟು ಹೇಳಿ ವ್ಯಾನು ಹತ್ತಿ ಹೋಗಿಬಿಟ್ಟ.

ಸುದ್ದಿ ಅವನಿಗಿಂತ ಮೊದಲೇ ಅಕ್ಕನ ಮನೆ ಮುಟ್ಟಿತ್ತು. ಕರೆವ್ವ ಬಾಗಿಲಲ್ಲೇ ನಿಂತಿದ್ದಳು. ತಮ್ಮ ಬಂದರೆ ಮೊದಲು ನೀರಿನ ತಂಬಿಗೆ ಹಿಡಿಯುವವಳು ಅವತ್ತು ಬರಿಗೈಯಲ್ಲಿದ್ದಳು. "ಊರಾಗಿನ ಮಂದಿ ಎಲ್ಲಾ ನಿನ್ನ ಹೊಗಳಾಕತ್ತಾರ" ಎಂದಳು. "ನನ್ನ ಮಗನ್ನ ತುಳದು ಮ್ಯಾಲ ಹತ್ತೀದಿ. ಚಲೋ ಕಾಣ್ತತೇನು ಅಲ್ಲಿಂದ?" ಉಡಚಪ್ಪ ಏನೋ ಹೇಳಲು ಹೊರಟ. ಅವಳು ಕೇಳಿಸಿಕೊಳ್ಳದೆ ಒಳಗೆ ಹೋದಳು.

ಭಾನುವಾರ ಹಾವೇರಿಯ ಆಟ. ಹೋಗಬಾರದು ಎಂದುಕೊಂಡೇ ಉಡಚಪ್ಪ ಬಸ್ಸು ಹತ್ತಿದ್ದ. ಮೈದಾನದ ಮೂಲೆಯಲ್ಲಿ ಸುದೀಪನೂ ಬಂದು ಕುಳಿತಿದ್ದುದನ್ನು ಕಂಡು ಆಚೆ ಬದಿಗೆ ಹೋಗಿ ಕುಳಿತ.

ಮೊದಲ ಹತ್ತು ನಿಮಿಷದಲ್ಲೇ ಷಡ್ಡಕನ ಮಗ ಕೈಯಲ್ಲಿದ್ದ ಚೆಂಡನ್ನು ಎದುರಾಳಿಯ ಕಾಲಿಗೆ ಹಾಕಿ ಒಂದು ಗೋಲು ದಾನ ಮಾಡಿದ. ಆಮೇಲೆ ಜಾಕೀರ್ ಒಬ್ಬನೇ ಎಂಟು ಜನರ ಕೆಲಸ ಮಾಡಿದ. ಊದಿದ ಕಾಲಿನಲ್ಲೇ ಐದು ಸಲ ಚೆಂಡನ್ನು ಗೋಲಿನ ಮುಂದೆ ತಂದಿಟ್ಟ. ಐದು ಸಲವೂ ಕಾರ್ಯದರ್ಶಿಯ ತಂಗಿ ಮಗ ಅಲ್ಲಿರಲಿಲ್ಲ. ಆರನೆಯ ಸಲ ಇದ್ದ. ಕೀಪರ್ ಬಿದ್ದಿದ್ದಾನೆ, ಗೋಲು ತೆರೆದಿದೆ, ಚೆಂಡು ಕಾಲ ಬುಡದಲ್ಲಿದೆ. ಅವನು ಒದ್ದ ಚೆಂಡು ಕಂಬದ ಮೇಲೆ ಹಾರಿ ಶೇಂಗಾ ಮಾರುವವಳ ಬುಟ್ಟಿಯಲ್ಲಿ ಬಿತ್ತು. ಹುಡುಗ ನಾಲಿಗೆ ಕಚ್ಚಿಕೊಂಡು ನಕ್ಕ. ಗ್ಯಾಲರಿಯಲ್ಲಿದ್ದ ಅವನ ಮಾವ ಕಾರ್ಯದರ್ಶಿಯೂ ನಕ್ಕ. ಥೂ, ನಗುವುದಕ್ಕಾದರೂ ಒಂದು ಲಜ್ಜೆ ಬೇಡವೇ! ಸೀಟಿ ಊದಿದಾಗ ಜಾಕೀರ್ ಹುಲ್ಲಿನ ಮೇಲೆ ಬೋರಲು ಬಿದ್ದು ಎಷ್ಟು ಹೊತ್ತಾದರೂ ಏಳಲಿಲ್ಲ. ಕುಮದ್ವತಿ ಕ್ಲಬ್ ಲೀಗಿನಿಂದ ಹೊರಬಿತ್ತು.

ಗೇಟಿನ ಬಳಿ ಪ್ರಭುಲಿಂಗಪ್ಪ ಉಡಚಪ್ಪನ ಹೆಗಲ ಮೇಲೆ ಕೈ ಹಾಕಿದರು. "ಸೋಲು-ಗೆಲುವು ಇರೂದ. ಮುಂದ ಯಾವಾಗರ ತಂಡ ಕಟ್ಟಿದ್ರ ಆಟಗಾರರ ಆಯ್ಕೆ ಪೂರಾ ನಿನಗ ಬಿಡ್ತೀವಿ. ನಿನಗ ನಮ್ಮವ, ಪರದವ ಅನ್ನೂದಿಲ್ಲ ನೋಡು." ಅಷ್ಟರಲ್ಲಿ ಎದುರಿಗೆ ಸುದೀಪ ಬಂದು ನಿಂತ. ಸಾಹುಕಾರರ ಕಡೆ ನೋಡಲೂ ಇಲ್ಲ.

"ಮಾಮಾ, ಒಂದು ಕೇಳೂದಿತ್ರಿ" ಎಂದ. "ನಾ ಖರೇನ ನನ್ನ ಹೆಸರಿಗೆ ಆಡ್ತಿದ್ನೇನು? ಆಡ್ತಿದ್ರ ಹೇಳ್ರಿ, ತಿದ್ದಿಕೋತೇನಿ. ನಾಕ್ ದಿವಸ ಆತು, ನನ್ನ ಆಟ ಎಲ್ಲಾ ಮನಸ್ಸಿನಾಗ ಹಾಕ್ಕೊಂಡ್ ಹಾಕ್ಕೊಂಡ್ ನೋಡೇನಿ. ತಪ್ಪು ಎಲ್ಲೈತಂತ ತಿಳಿವಲ್ದು."

ಹುಡುಗ ಜಗಳಕ್ಕೆ ಬಂದಿರಲಿಲ್ಲ, ಇಲ್ಲದ ತಪ್ಪನ್ನು ನಾಲ್ಕು ದಿನದಿಂದ ತನ್ನೊಳಗೇ ಹುಡುಕುತ್ತಿದ್ದ. ಸಾಹುಕಾರರ ಕೈ ಇನ್ನೂ ಹೆಗಲ ಮೇಲಿತ್ತು. ಉಡಚಪ್ಪ ಅದನ್ನು ಕೆಳಗೆ ಸರಿಸಿದ.

"ಇಲ್ಲಪ್ಪಾ. ಸುಳ್ಳ ಬರದೇನಿ. ಈ ತಂಡದಾಗ ನಿನ್ನಷ್ಟು ಚಲೋ ಆಡವ ಇನ್ನೊಬ್ಬ ಇಲ್ಲ."

ಪ್ರಭುಲಿಂಗಪ್ಪ ಹೋ ಎಂದು ನಕ್ಕು ಕಾರ್ಯದರ್ಶಿಯ ಕಡೆ ತಿರುಗಿದರು. "ನೋಡ್ದಿ? ಅಳಿಯ ಕಣ್ಣಮುಂದ ಬಂದು ನಿಂತ ಕೂಡ್ಲೇ ನ್ಯಾಯ ಎಲ್ಲಾ ಹಾರಿ ಹೋತು. ಕಡೀಕ ಇವನೂ ನಮ್ಮ ಹಂಗ." ನಗುತ್ತಲೇ ಕಾರಿನ ಕಡೆ ನಡೆದರು.

ಸುದೀಪ ನಗಲಿಲ್ಲ. "ಮತ್ತ ಯಾಕ ಬರದ್ರಿ?"

"ನನಗ ಯಾರೂ ಬೊಟ್ಟು ಮಾಡಬಾರದು ಅಂತ. ಅವರ ನಿನ್ನ ಉಳಸ್ತಾರ ಅಂತ ತಿಳಕೊಂಡಿದ್ದೆ."

"ಅವರು ತಮ್ಮ ಹುಡುಗರ ಸಲುವಾಗಿ ಹೊಲಸ ಮಾಡಿದ್ರು" ಎಂದ ಸುದೀಪ. "ನೀವು ನಿಮ್ಮ ಸಲುವಾಗಿ ಮಾಡಿದ್ರಿ. ನಿಮಗಿಂತ ಅವರ ವಾಸಿ, ಮಾಮಾ."

ಇಬ್ಬರೂ ಒಂದೇ ಬಸ್ಸು ಹತ್ತಿದರು, ಆ ಹೊತ್ತಿಗೆ ಇದ್ದದ್ದೇ ಅದೊಂದು. ಉಡಚಪ್ಪನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಜನ ಇಳಿದು ಅರ್ಧ ಬಸ್ಸು ಖಾಲಿಯಾದಾಗ ಅವನು ಪಕ್ಕಕ್ಕೆ ಸರಿದು, ಟವೆಲ್ಲಿನಿಂದ ಸೀಟು ಒರೆಸಿ, "ಬಾ, ಕುಂದ್ರು" ಎಂದ. ಸುದೀಪನಿಗೆ ಕೇಳಿಸಿತ್ತು. ಅವನು ಬಾಗಿಲ ಹತ್ತಿರದ ಕಂಬಿ ಹಿಡಿದು ರಾಣೇಬೆನ್ನೂರಿನವರೆಗೂ ನಿಂತೇ ಬಂದ.